ಕೆಂಚವ್ವನಿಗೆ ಕರುಣೆ ಮೂರೇ ಯಾಕೆ?

ಬೈಲಹೊಂಗಲ,
೧೭ ನವೆಂಬರ್ ೨೦೨೫, ಸೋಮವಾರ

ನನ್ನ ಮುದ್ದಿನ ಮೊಮ್ಮಗ ಪರಶುಗೆ,

ಆಯಿ ಕಾಡವ್ವನ ಆಶೀರ್ವಾದ. ಅದನ್ನು ಮೊದಲೇ ಕೊಟ್ಟು ಮುಗಿಸುತ್ತೇನೆ, ಮುಂದೆ ಬೈಗುಳ ಇದೆ. ಹೇಗಿದ್ದೀಯಪ್ಪಾ? ಮಿರಜದಲ್ಲಿ ಚಳಿ ಬಿದ್ದಿರಬೇಕು. ಹಳಿಯ ಪಕ್ಕ ನಿಂತು ಸಿಗ್ನಲ್ ಪೆಟ್ಟಿಗೆ ಬಿಚ್ಚುವಾಗ ಕಿವಿಗೆ ಮಫ್ಲರ್ ಸುತ್ತುತ್ತೀಯೋ, ಇಲ್ಲಾ ಕೂದಲು ಕೆಡುತ್ತದೆಂದು ಹಾಗೇ ಹೋಗುತ್ತೀಯೋ? ಹೋದ ಸಲ ಬಂದಾಗ ಕೆಮ್ಮುತ್ತಿದ್ದೆ. ನಿನ್ನ ತಂಗಿ ರೇಣು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟಿದ್ದಾಳೆ, ರೈಲ್ವೆಯ ಹುಡುಗರು ಯಾರಾದರೂ ಈ ಕಡೆ ಬಂದರೆ ಕಳಿಸುತ್ತೇವೆ. ಬಂದ ಮೇಲೆ ನೀನು ತಿನ್ನು. ರೂಮಿನವರಿಗೆಲ್ಲ ಹಂಚಿ ಧರ್ಮರಾಯ ಆಗಬೇಡ. ನಿನ್ನ ಅಪ್ಪ ವಿರೂಪಾಕ್ಷನ ಬಿಪಿ ಇಳಿದಿದೆ. ನನ್ನ ಮೊಣಕಾಲು ಎಂದಿನಂತೆ ನನ್ನ ಮಾತು ಕೇಳುವುದಿಲ್ಲ, ನಾನೂ ಅದರ ಮಾತು ಕೇಳುವುದಿಲ್ಲ.

ಫೋನ್ ಇರುವಾಗ ಪತ್ರ ಯಾಕೆ ಅಂತೀಯಾ. ಫೋನಿನಲ್ಲಿ ನಾನು ದನಿ ಏರಿಸಿದ ಕೂಡಲೇ ನಿನಗೆ ಡ್ಯೂಟಿ ಬರುತ್ತದೆ. “ಆಯೀ, ಗಾಡಿ ಬಂತು, ಆಮ್ಯಾಲ ಮಾತಾಡ್ತೇನಿ” ಎಂದು ಇಟ್ಟುಬಿಡುತ್ತೀ. ಮಿರಜಕ್ಕೆ ಅಷ್ಟು ಗಾಡಿ ಬರುತ್ತವೆಯೇನೋ, ನನಗೆ ನಂಬಿಕೆ ಇಲ್ಲ. ಪತ್ರವನ್ನು ನೀನು ನಡುವೆ ಕತ್ತರಿಸಲಾಗುವುದಿಲ್ಲ. ಕುಳಿತು ಓದು. ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟವಳ ಅಕ್ಷರ, ನಿಧಾನಕ್ಕೆ ಓದು.

ವಿಷಯ ನೀನು ಕಟ್ಟಳೆ ಬರೆದು ಪುಸ್ತಕ ಮಾಡಿದ ಆಟದ್ದು. ಕುದುರೆ, ಕಾಯಿ, ಪಟ ಯಾವುದೂ ಇಲ್ಲದೆ, ಸುತ್ತ ಕುಳಿತು ಮಾತಿನಲ್ಲೇ ಆಡುವ ಆಟ ಎಂದು ನೀನು ಮೊದಲು ಹೇಳಿದಾಗ ಇದು ಕೆಲಸವಿಲ್ಲದವರ ಹರಟೆ ಎಂದು ನಕ್ಕಿದ್ದೆ. ಒಬ್ಬೊಬ್ಬರು ಒಂದೊಂದು ಪಾತ್ರ ಹಿಡಿಯುವುದು, ಸೂತ್ರಧಾರ ಆದವನು ಕಥೆ ನಡೆಸುವುದು, “ಈಗ ನೀವು ಏನ ಮಾಡ್ತೀರಿ?” ಎಂದು ಕೇಳುವುದು, ಅನುಮಾನ ಬಂದಲ್ಲಿ ಇಪ್ಪತ್ತು ಮುಖದ ದಾಳ ಎಸೆಯುವುದು. ನೀನು ಮಿರಜಕ್ಕೆ ಹೋದ ಮೇಲೆ ನಮ್ಮ ಹಿಂದಿನ ಓಣಿಯ ಔಷಧಿ ಅಂಗಡಿಯ ಕೌಶಿಕ ಸೂತ್ರಧಾರನಾದ. ರೇಣು ರಾಜಕುಮಾರ, ಪಕ್ಕದ ಮನೆಯ ಮೀನಾ ಬಿಲ್ಲುಗಾರ್ತಿ. ಪಾತ್ರದ ವಿವರ ಬರೆದ ಒಂದು ಹಾಳೆ ಉಳಿಯಿತು, ರಾಕ್ಷಸಿಯದು. ಅದು ಯಾರಿಗೂ ಬೇಡ. ಭಾನುವಾರ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲೇ ಆಡುತ್ತಿದ್ದರಲ್ಲ, ನಾನು ಅವರೆಕಾಯಿ ಬಿಡಿಸುತ್ತಾ ಎಷ್ಟು ದಿನ ಸುಮ್ಮನೆ ನೋಡಲಿ? “ಯಾರಿಗೂ ಬ್ಯಾಡಾಗಿದ್ದು ನನಗ ಕೊಡ್ರಿ” ಎಂದು ತಗೊಂಡೆ.

ಹಾಳೆಯಲ್ಲಿ ಹೆಸರು ಘೋರದಂಷ್ಟ್ರೆ ಎಂದಿತ್ತು. ಯಾವ ತಾಯಿ ತೊಟ್ಟಿಲಲ್ಲಿ ಹಾಕಿ ಆ ಹೆಸರು ಕರೆಯುತ್ತಾಳೋ? ಶತ್ರುಗಳು ಇಟ್ಟ ಹೆಸರು ಅದು. ನಾನು ಹೊಡೆದುಹಾಕಿ ಕೆಂಚವ್ವ ಎಂದು ಬರೆದೆ. ಕೌಶಿಕ ಸ್ವಲ್ಪ ಗೊಣಗಿದ, ಬಿಟ್ಟ. ಹೆಸರಿನ ಮೇಲೆ ನಿನ್ನ ಪುಸ್ತಕದಲ್ಲಿ ಕಟ್ಟಳೆ ಇರಲಿಲ್ಲವಂತೆ. ನಿಜ ಹೇಳುತ್ತೇನೆ, ಆ ಹೆಣ್ಣಿನ ಮೇಲೆ ನನಗೆ ಜೀವ ಬಂದಿದೆ. ಎತ್ತರದವಳು, ಎಡಗೈಯವಳು, ಮಾತು ಒರಟು, ಕತ್ತಲೆಯಲ್ಲಿ ಕಣ್ಣು ಕಾಣುತ್ತದೆ. ರೊಟ್ಟಿ ಬಡಿಯುವಾಗ ಕೂಡ ಮುಂದಿನ ಭಾನುವಾರ ಅವಳು ಏನು ಮಾಡಬೇಕು ಎಂದು ಯೋಚಿಸುತ್ತಿರುತ್ತೇನೆ. ಹಂಚಿನ ಮೇಲೆ ಎರಡು ರೊಟ್ಟಿ ಸೀದು ಹೋಗಿವೆ.

ಆದರೆ ಹಾಳೆಯ ಕೆಳಗೆ ನೀನು ಗುಣಗಳ ಪಟ್ಟಿ ಬರೆದಿದ್ದೀಯಲ್ಲ. ಛಲ, ಸಿಟ್ಟು, ಹೆದರಿಕೆ, ಕರುಣೆ, ಒಂದೊಂದಕ್ಕೂ ಎದುರಿಗೆ ಅಂಕಿ. ಕೆಂಚವ್ವನ ಕರುಣೆಗೆ ಮೂರು. ಇರಲಿ, ಮೂರಿನಿಂದ ಶುರು ಮಾಡಿ ಏರೋಣ ಎಂದುಕೊಂಡೆ. ಏರುವಂತಿಲ್ಲ ಎಂದ ಕೌಶಿಕ. ರಾಕ್ಷಸ ಕುಲಕ್ಕೆ ಕರುಣೆ ಮೂರನ್ನು ದಾಟಬಾರದು, ಹುಟ್ಟುಗುಣ! ಯಾರಿಗಾದರೂ ಕರುಣೆ ತೋರಬೇಕೆಂದರೆ ಅವಳು ದಾಳ ಎಸೆದು ಮೂರರೊಳಗೆ ಬೀಳಿಸಬೇಕು. ಬೀಳದಿದ್ದರೆ ದುಷ್ಟತನ ಮಾಡಲೇಬೇಕು. ಮಾಡೆನು ಎಂದರೆ ಅದು ಸ್ವಭಾವಭಂಗ. ಮೂರು ಸಲ ಸ್ವಭಾವಭಂಗ ಆದರೆ ಹಾಳೆಯನ್ನು ಸೂತ್ರಧಾರ ಕಿತ್ತುಕೊಳ್ಳುತ್ತಾನೆ, ಕೆಂಚವ್ವ ನನ್ನವಳಲ್ಲ. ರೇಣುವಿನ ರಾಜಕುಮಾರ ಹೋದ ತಿಂಗಳು ಬಡವರ ಬಣವೆಗೆ ಬೆಂಕಿ ಇಟ್ಟ. ಅವನಿಗೇನಾಯಿತು? ಅವನ ಕರುಣೆಯ ಹದಿನೈದರಲ್ಲಿ ಒಂದು ಕಡಿಮೆಯಾಯಿತು, ಹೊಳೆಯಲ್ಲಿ ಮುಳುಗಿ ಎದ್ದ, ವಾಪಸ್ ಬಂತು. ಅವನದು ತಪ್ಪು ಹೆಜ್ಜೆಯಂತೆ. ಅವನು ಕೆಟ್ಟದ್ದು ಮಾಡಿದರೆ ಸ್ನಾನ, ನನ್ನವಳು ಒಳ್ಳೆಯದು ಮಾಡಿದರೆ ಜಪ್ತಿ. ಎಲ್ಲಿ ಕಲಿತೆಯೋ ಈ ನ್ಯಾಯ?

ಮೊದಲ ಭಂಗ ಒಂದು ಆಡಿನ ಮರಿಯದು. ಲೂಟಿಯಲ್ಲಿ ಬಂದದ್ದನ್ನು ಬಿಚ್ಚಿ ಮುದುಕಿಗೆ ವಾಪಸ್ ಕೊಟ್ಟೆ. ಎರಡನೆಯದು ಗುಡ್ಡದಲ್ಲಿ. ಎಲ್ಲರೂ ಮಲಗಿದ್ದಾಗ ಅವರನ್ನು ಬಿಟ್ಟು ಓಡಬೇಕಿತ್ತಂತೆ. ಓಡಲಿಲ್ಲ, ಬೆಳಗಿನ ತನಕ ಕಾವಲು ಕೂತೆ. ಎರಡು ಸಲವೂ ದಾಳ ನನ್ನ ಕಡೆ ಇರಲಿಲ್ಲ, ನಾನು ದಾಳದ ಕಡೆ ಇರಲಿಲ್ಲ.

ನಿನ್ನೆ ಮೂರನೆಯದು ಆಯಿತು. ಹೊಳೆ ದಾಟುವ ಜಾಗದಲ್ಲಿ ವೈರಿ ಕೋಟೆಯ ಕಾವಲುಗಾರನೊಬ್ಬ ಗಾಯವಾಗಿ ಬಿದ್ದಿದ್ದ, ನೀರು ನೀರು ಎನ್ನುತ್ತಿದ್ದ. ಕೆಂಚವ್ವ ತಂಬಿಗೆ ತುಂಬಿ ಅವನ ಬಾಯಿಗೆ ಹಿಡಿದಳು ಎಂದೆ. ಕೌಶಿಕ ದಾಳ ಹಾಕಿಸಿದ. ಹದಿನೇಳು ಬಿತ್ತು. “ಕರುಣಾ ಬರಲಿಲ್ಲರಿ ಆಯಿ. ಕೆಂಚವ್ವ ಅವನ್ನ ಕೊಂದ ಹಾಕತಾಳ” ಎಂದ, ಪಾಪ, ತಲೆ ಎತ್ತದೆ. ನನ್ನ ಪಿತ್ತ ನೆತ್ತಿಗೇರಿತು. “ನಾ ಕೊಟ್ಟಾಗೇತಿ, ಅಂವ ಕುಡದಾಗೇತಿ. ಈಗ ನಿನ್ನ ದಾಳ ಅವನ ಹೊಟ್ಟಿಯೊಳಗ ಇಳದು ನೀರ ತಗೀತೈತೇನು?” ಎಂದೆ. ಹಾಳೆ ಕೊಡಿರಿ ಎಂದು ಕೈ ಚಾಚಿದ. ನಾನು ಹಾಳೆಯನ್ನು ಕೆಳಗೆ ಹಾಕಿಕೊಂಡು ಅದರ ಮೇಲೆ ಕುಳಿತುಬಿಟ್ಟೆ. “ಏಳ್ರಿ ಆಯಿ.” “ಏಳೂದಿಲ್ಲ.” ಮೀನಾ ಬಾಯಿಗೆ ಸೆರಗು ಇಟ್ಟುಕೊಂಡು, “ಭೂಮಿ ನಡಗಿದ್ರೂ ಆಯಿ ಇನ್ನ ಏಳಂಗಿಲ್ಲ, ಚಾ ಮಾಡ್ತೇನಿ ತಡೀರಿ” ಎಂದು ಒಳಗೆ ಹೋದಳು. ನಿನ್ನ ತಂಗಿ, ಆ ಬಣವೆ ಸುಟ್ಟ ಮಹಾರಾಜ, ನಕ್ಕು ನಕ್ಕು ಗೋಡೆಗೆ ಒರಗಿದ್ದಳು.

ಕೌಶಿಕ ಕೆಟ್ಟವನಲ್ಲ. ಚಹಾ ಕುಡಿದು ಮೆಲ್ಲಗೆ ಹೇಳಿದ: “ನಂದೇನೂ ಇಲ್ಲರಿ ಆಯಿ. ಪುಸ್ತಕದಾಗ ಹಂಗ ಅದ. ಒಂದ ಕಟ್ಟಳಿನೂ ಮುರಿಯೂದಿಲ್ಲಂತ ಪರಶುಗ ಮಾತ ಕೊಟ್ಟೇನಿ. ಅಂವ ಬದಲ ಮಾಡಂದ್ರ ಈಗ ಮಾಡತೇನಿ.” ನಾನೂ ಅದೇ ಎಂದೆ, ಬರೆದವನು ನನ್ನ ಮೊಮ್ಮಗ, ಅವನನ್ನೇ ಕೇಳುತ್ತೇನೆ. ಆಟ ಅಲ್ಲಿಗೇ ನಿಂತಿದೆ. ಕೆಂಚವ್ವ ಖಾಲಿ ತಂಬಿಗೆ ಹಿಡಿದು ಹೊಳೆಯಲ್ಲಿ ಮೊಣಕಾಲ ಮಟ ನಿಂತಿದ್ದಾಳೆ. ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಕೌಶಿಕ ಹಿಂತಿರುಗಿ, “ಅಲ್ಲರಿ ಆಯಿ, ಅಂವ ನೀರ ಕುಡದ ಮ್ಯಾಲ ಕೆಂಚವ್ವ ಏನ ಮಾಡಾಕಿ ಇದ್ಲು?” ಎಂದು ಕೇಳಿದ. ಹೇಳಲಿಲ್ಲ. ಹಾಳೆ ನನ್ನದೇ ಎಂದು ನೀನು ಹೇಳಿದ ಮೇಲೆ ಹೇಳುತ್ತೇನೆ.

ಇಷ್ಟೇ ಆಗಿದ್ದರೆ ಆಟದ ಜಗಳ ಎಂದು ಬಿಡುತ್ತಿದ್ದೆ. ರಾತ್ರಿ ರೇಣು ನಿನ್ನ ಪುಸ್ತಕದ ಕರಡು ತೋರಿಸಿದಳು, ಯರಗಟ್ಟಿಯ ಪ್ರೆಸ್ಸಿನಿಂದ ಬಂದದ್ದು. ನನ್ನ ಮೊಮ್ಮಗನ ಹೆಸರು ಮೇಲೆ ಅಚ್ಚಾಗಿದೆ, ಕನ್ನಡದಲ್ಲಿ ಇಂಥ ಆಟ ಯಾರೂ ಬರೆದಿಲ್ಲ ಎಂದು ರೇಣು ಅನ್ನುತ್ತಾಳೆ. ಕಣ್ಣಿಗೆ ಒತ್ತಿಕೊಂಡು ತೆರೆದೆ. ಒಂಬತ್ತನೆಯ ಪುಟ, ಹುಟ್ಟುಗುಣದ ಕಟ್ಟಳೆ. ಅದರ ನೆತ್ತಿಯ ಮೇಲೆ, ಬಳ್ಳಿಯ ಚೌಕಟ್ಟು ಹಾಕಿ, ದಪ್ಪ ಅಕ್ಷರದಲ್ಲಿ: ಹುಟ್ಟುಗುಣ ಸುಟ್ಟರೂ ಹೋಗದು.

ನಾನು ಸಾಲೆ ಯಾಕೆ ಬಿಟ್ಟೆ ಎಂದು ನೀನು ಸಣ್ಣವನಿದ್ದಾಗ ಕೇಳಿದ್ದೆ. ಓದು ತಲೆಗೆ ಹತ್ತಲಿಲ್ಲ ಎಂದಿದ್ದೆ. ಹತ್ತಿತ್ತು. ಮಗ್ಗಿ ನನಗೆ ಎಲ್ಲರಿಗಿಂತ ಮೊದಲು ಬರುತ್ತಿತ್ತು. ಒಂದು ದಿನ ಭಾಗೀರಥಿ ಎಂಬ ಹುಡುಗಿಗೂ ನನಗೂ ಬಳಪದ ಸಲುವಾಗಿ ಜಗಳ ಬಿತ್ತು. ಅವಳು ನನ್ನ ಜಡೆ ಜಗ್ಗಿದಳು, ನಾನು ಅವಳ ಕೈ ಕಚ್ಚಿದೆ, ಇಬ್ಬರೂ ನೆಲಕ್ಕೆ ಬಿದ್ದೆವು. ಮಾಸ್ತರರು ಬಂದು ಬಿಡಿಸಿದರು. ಅವಳನ್ನು ನೋಡಿ “ಸಣ್ಣ ಹುಡುಗಿ, ಸಿಟ್ಟ ಬಂದಿರಬೇಕು” ಎಂದರು. ನನ್ನನ್ನು ನೋಡಿ, ನಾವು ಯಾವ ಓಣಿಯವರೆಂದು ಅವರಿಗೆ ಗೊತ್ತಿತ್ತಲ್ಲ, ನೀನು ಚೌಕಟ್ಟು ಹಾಕಿ ಅಚ್ಚು ಹಾಕಿಸಿದ ಆ ಗಾದೆಯನ್ನೇ ಹೇಳಿದರು. ಇಡೀ ವರ್ಗ ನಕ್ಕಿತು. ಒಂದೇ ಜಗಳ ನೋಡು. ಅವಳಿಗೆ ಸಿಟ್ಟು ಬಂದು ಹೋಗುವಂಥದ್ದು, ನನಗೆ ಮೈಯೊಳಗೆ ಹುಟ್ಟಿದ್ದು. ಪಾಟಿಯನ್ನು ಅವರ ಕಾಲ ಬುಡಕ್ಕೆ ಒಗೆದು ಮನೆಗೆ ಬಂದೆ. ಅಪ್ಪ ಹೊಡೆದ, ಅವ್ವ ಅತ್ತಳು, ನಾನು ಮತ್ತೆ ಆ ಹೊಸ್ತಿಲು ತುಳಿಯಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಮಗ್ಗಿಗೆ ಮಾತ್ರ ಸ್ವಲ್ಪ ಇದೆ.

ಇದು ನಿನಗೆ ಗೊತ್ತಿರಲಿಲ್ಲ, ಒಪ್ಪಿದೆ. ನೀನು ನೋಡಿ ಕಲಿತ ಇಂಗ್ಲಿಷ್ ಆಟದಲ್ಲಿ ಕುಲದ ಮೇಲೆ ಗುಣ ಕಟ್ಟಿದ್ದರು, ನೀನು ಅದನ್ನೇ ಕನ್ನಡಕ್ಕೆ ತಂದು, ಚೆನ್ನಾಗಿ ಕೂಡುತ್ತದೆ ಎಂದು ಮೇಲೆ ಗಾದೆ ಇಟ್ಟೆ. ಚೆನ್ನಾಗಿಯೇ ಕೂಡುತ್ತದಪ್ಪಾ, ಅದಕ್ಕೇ ಉರಿಯುವುದು. ಆದರೆ ನಮ್ಮ ಮನೆಯಲ್ಲಿ ಹುಟ್ಟಿದವನ ಕೈಗೆ ಇದು ಬರೆಯುವಾಗ ಒಂದು ಕ್ಷಣವೂ ತಡೆಯಲಿಲ್ಲವೇನೋ?

ಅಂಕಿಯೇ ಬೇಡ ಎನ್ನುವ ಹಟ ನನಗಿಲ್ಲ. ಕೆಂಚವ್ವನ ಸಿಟ್ಟಿಗೆ ಹದಿನೆಂಟು ಹಾಕಿದ್ದೀ, ಅದು ಬರೋಬರಿ ಇದೆ, ಬೇಕಾದರೆ ಇಪ್ಪತ್ತು ಮಾಡು. ನನ್ನ ಸಿಟ್ಟು ಕೂಡ ದೊಡ್ಡದೇ. ಆದರೆ ಅದನ್ನು ನಾನು ಬಾಳಿ ಗಳಿಸಿದ್ದು, ತೊಟ್ಟಿಲಿನಿಂದ ತಂದದ್ದಲ್ಲ. ಮಾಡಿದ ಕೆಲಸ ನೋಡಿ ಅಂಕಿ ಏರಲಿ, ಇಳಿಯಲಿ, ರಾಜಕುಮಾರನಿಗೂ ಅದೇ ತಕ್ಕಡಿ ಇರಲಿ. ಇನ್ನು ದಾಳ. ಏನು ಮಾಡಲಿ ಎಂದು ಕೆಂಚವ್ವನಿಗೇ ತಿಳಿಯದಾಗ ದಾಳ ಹಾಕುತ್ತೇನೆ, ಬಿದ್ದದ್ದನ್ನು ಒಪ್ಪುತ್ತೇನೆ. ತಿಳಿದಾಗ ಯಾಕೆ ಹಾಕಲಿ? ಬಾಯಾರಿದವನಿಗೆ ನೀರು ಕೊಡುವುದಕ್ಕೆ ದಾಳವನ್ನು ಕೇಳಬೇಕೇನು? ಕಟ್ಟಳೆ ಇಲ್ಲದೆ ಆಟ ನಡೆಯುವುದಿಲ್ಲ, ಸಿಗ್ನಲ್ ಇಲ್ಲದೆ ಗಾಡಿ ನಡೆಯುವುದಿಲ್ಲ ಅಂತೀ. ಸರಿ. ಆದರೆ ನಿನ್ನ ಸಿಗ್ನಲ್ ಬಂದ ಗಾಡಿ ನೋಡಿ ಕೆಂಪಾಗುತ್ತದೆ, ಹಸಿರಾಗುತ್ತದೆ. ಒಂದು ಗಾಡಿಗೆ ಹುಟ್ಟಾ ಕೆಂಪು ಎಂದು ಯಾವ ಹುಚ್ಚನಾದರೂ ಬರೆದಿಟ್ಟಿದ್ದಾನೆಯೇ?

ನಿನ್ನ ಪುಸ್ತಕ ಚೆನ್ನಾಗಿದೆ ಎಂದು ಹೇಳುವುದನ್ನು ಬೈಯುವ ಭರದಲ್ಲಿ ಮರೆತೆ. ಕೋಟೆಯ ವರ್ಣನೆ ಓದಿದರೆ ಕಿತ್ತೂರಿನ ಗೋಡೆಗಳ ಮುಂದೆ ನಿಂತ ಹಾಗಾಗುತ್ತದೆ. ಬಲಿಷ್ಠನಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು, ಹಳಿ ದಾಟುವಾಗ ಎರಡೂ ಕಡೆ ನೋಡು. ನನ್ನ ಆಯುಷ್ಯ ನಿನಗೂ ಹತ್ತಲಿ. ಸಿಟ್ಟೂ ಸ್ವಲ್ಪ ಹತ್ತಲಿ.

ನಿನ್ನ ಮೇಲೆ ಕೋಪದಲ್ಲಿರುವ,
ಆಯಿ ಕಾಡವ್ವ

ತಾ.ಕ.: ಈ ಕೊನೆಯ ಮಾತನ್ನು ಯರಗಟ್ಟಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ನೋಡಿಕೊ. ನೀನು ಯೋಚಿಸಿ ಉತ್ತರ ಬರೆಯುವಷ್ಟರಲ್ಲಿ ಪುಸ್ತಕ ಅಚ್ಚಾಗಿ ಹೋಗುತ್ತದೆ ಎಂದು ರೇಣು ಅಂದಳು. ಆಧಾರ್ ಕಾರ್ಡು ತೋರಿಸಿ ಬಸ್ಸು ಹತ್ತಿ ಪ್ರೆಸ್ಸಿಗೆ ಬಂದೆ, ಒಂಬತ್ತನೆಯ ಪುಟ ತೆಗೆಸಿದೆ. ಪ್ರೆಸ್ಸಿನ ಮಡಿವಾಳೆಪ್ಪ, “ಆಯೀ, ಬರದಾವ್ರು ಹೇಳದ ನಾ ಹ್ಯಾಂಗ ತಗೀಲಿ?” ಎಂದ. “ಬರದಾವನ್ನ ತೊಡಿ ಮ್ಯಾಲ ಕುಂಡ್ರಿಸಿ ಅಕ್ಷರ ಕಲಿಸಿದಾಕಿ ಹೇಳಾಕತ್ತೇನಿ, ತಗಿ” ಎಂದೆ. ತೆಗೆದ. ಶುಕ್ರವಾರ ಮಷಿನ್ ಹಚ್ಚುತ್ತಾನೆ. ಅಷ್ಟರೊಳಗೆ ನೀನು ಬೇರೆ ಕಟ್ಟಳೆ ಬರೆದು ಕಳಿಸಿದರೆ ಅದು ಬೀಳುತ್ತದೆ, ಇಲ್ಲದಿದ್ದರೆ ಪುಟ ಖಾಲಿಯೇ ಹೋಗುತ್ತದೆ. “ಖಾಲಿ ಹಾಳಿ ನೋಡಿ ಮಂದಿ ನನಗ ಬೈತಾರ” ಎನ್ನುತ್ತಿದ್ದಾನೆ, ಬೈಲಹೊಂಗಲದ ಕಾಡವ್ವನ ಹೆಸರು ಹೇಳು ಎಂದಿದ್ದೇನೆ. ಕೆಂಚವ್ವನ ಹಾಳೆ ನನ್ನ ಚೀಲದಲ್ಲೇ ಇದೆ. ಕರುಣೆಯ ಎದುರಿಗಿನ ಮೂರನ್ನು ಹೊಡೆದು ಪೆನ್ನಿನಿಂದ ಬರೆದಿದ್ದೇನೆ: ಆಡಿದ ಮೇಲೆ ಗೊತ್ತಾಗುತ್ತದೆ. ಬಸ್ಸು ಬಂತು.