ಆಗಸ್ಟ್ ತಿಂಗಳ ಜೋಳದ ತೆನೆ

ಸೆಪ್ಟೆಂಬರ್ 22, ಸೋಮವಾರ

ವಾಕಡದಿಂದ ಶಿವಾಜಿನಗರದವರೆಗೆ ಇವತ್ತೂ ಬಸ್ಸಿನಲ್ಲಿ ನಿಂತೇ ಬಂದೆ. ಆಫೀಸಿನಲ್ಲಿ ಅದೇ ಕೆಲಸ. ಗಾಳಿಯಂತ್ರದ ಕಂಪನಿಗೆ ಗದಗ ಕಡೆಯ ರೈತರು ಕಳಿಸಿದ ಅರ್ಜಿಗಳನ್ನು ಇಂಗ್ಲಿಷಿಗೆ ಮಾಡು, ಇಲ್ಲಿನ ಫಾರ್ಮ್‌ಗಳನ್ನು ಕನ್ನಡಕ್ಕೆ ಮಾಡು, ಕೆಳಗೆ ‘ತಯಾರಿಸಿದವರು: ಭುವನೇಶ್ವರಿ’ ಎಂದು ಹಾಕು. ಈ ಮರಾಠಿ ಊರಿಗೆ ಬಂದ ಹನ್ನೊಂದು ವರ್ಷದಿಂದ ಇದೇ.

ಇವತ್ತಿನ ಮೂರನೇ ಅರ್ಜಿ ನನ್ನ ತಮ್ಮ ಚನ್ನವೀರನದು. ನಮ್ಮ ಹೊಲದಲ್ಲಿ ಕಂಬ ಎತ್ತುವಾಗ ಕ್ರೇನ್ ನಿಲ್ಲಿಸಲು ಒಂದೂವರೆ ಎಕರೆ ಅಗೆದಿದ್ದರು. ಮೇಲಿನ ಎರೆಮಣ್ಣು ಬದಿಗೆ ಒಟ್ಟಿ, ಕೆಲಸ ಮುಗಿದ ಮೇಲೆ ಮತ್ತೆ ಹರಡಿಕೊಡಬೇಕೆಂದು ಕರಾರು. ಗುತ್ತಿಗೆದಾರ ಎರೆಮಣ್ಣನ್ನೇ ಗುಂಡಿಗೆ ತುಂಬಿ, ಮೇಲೆ ಕಲ್ಲುಮಿಶ್ರಿತ ಗರಸು ಹರಡಿ ಹೋದ.

ಸುಹಾಸನ ಟೇಬಲ್ಲಿಗೆ ಒಯ್ದೆ. ಜಮೀನು ವಿಭಾಗದ ಮ್ಯಾನೇಜರ್. ಓದಲೂ ಇಲ್ಲ. “ನಾವು ಅಲ್ಲಿ ಗಾಳಿ ಬೆಳೀತಿದ್ದೇವಲ್ಲ ಮ್ಯಾಡಮ್, ಅದು ಬೆಳೆ ಅಲ್ವಾ ಅಂತ ಕೇಳಿ ನಿಮ್ಮ ತಮ್ಮನಿಗೆ” ಎಂದ ಮರಾಠಿಯಲ್ಲಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಟೋಬರ್ 8

ಸೀಗಿಹುಣ್ಣಿಮೆ ಮುಗಿಯಿತು. ಚನ್ನವೀರನ ಫೋನ್.

“ಅಕ್ಕಾ, ಗರಸಿಗೆ ಬಡದು ಬಿತ್ತೂ ಕೂರಿಗಿ ಮುರೀತ. ಉಳಿದ ಹೊಲದಾಗ ಜೋಳ ಬಿತ್ತೇನಿ. ಅವ್ವ ಚರಗ ಚೆಲ್ಲಾಕ ಬಂದಿದ್ಲು. ಆ ಜಾಗಾದಾಗ ಒಂದೀಟ ನಿಂತ್ಲು, ಚೆಲ್ಲದಽ ಹೊಳ್ಳಿ ಹೋದ್ಲು.”

ಭೂಮಿತಾಯಿಗೆ ಎಡೆ ಕೊಡದೆ ಅವ್ವ ತಿರುಗಿ ಬಂದವಳಲ್ಲ. ಒಮ್ಮೆಯೂ.

ಸುಹಾಸನನ್ನು ಬಿಡುವುದಿಲ್ಲ.

ಅಕ್ಟೋಬರ್ 29 — ರಾತ್ರಿ ಊಟಕ್ಕೆ ಮುಂಚೆ

ಸಿಕ್ಕ!

ಕಂಪನಿಗೆ ಸಾಲ ಕೊಟ್ಟ ಬ್ಯಾಂಕಿನಿಂದ ತಪಾಸಣೆಗೆ ಬರುತ್ತಾರಂತೆ — ಹೊಲಗಳನ್ನು ಮೊದಲಿನಂತೆ ಮಾಡಿಕೊಟ್ಟಿದ್ದಾರೋ ಇಲ್ಲವೋ ನೋಡಲು. ರೈತರ ಸಹಿಯ ಕಾಗದಗಳೆಲ್ಲ ಸುಹಾಸನ ಕಪಾಟಿನಲ್ಲಿ. ನನಗೆ ಕೊಟ್ಟಿದ್ದು ಫೋಟೊಗಳನ್ನು ಮಾತ್ರ, ಚೆಕ್ ಮಾಡಲು. ನಮ್ಮ ಹೊಲದ ಹೆಸರಿನಲ್ಲಿ ಒಂದು ಫೋಟೊ. ತಾರೀಖು ಆಗಸ್ಟ್ 20. ಆಳೆತ್ತರದ ಬಿಳಿಜೋಳ, ತೆನೆ ತುಂಬಿ ನಿಂತಿದೆ!

ನಮ್ಮ ಕಡೆ ಆ ಜೋಳ ಬಿತ್ತುವುದೇ ಸೀಗಿಹುಣ್ಣಿಮೆಯ ಆಸುಪಾಸಿಗೆ. ತೆನೆ ಸಂಕ್ರಾಂತಿಗೆ. ಆಗಸ್ಟಿನಲ್ಲಿ ಎರೆಹೊಲದಲ್ಲಿ ಇರುವುದು ಹೆಸರುಕಾಳಿನ ಬೆಳೆ. ಯಾರದೋ ಹೊಲ, ಯಾವಾಗಿನದೋ ಫೋಟೊ. ಹೋದ ವರ್ಷ ಈ ಪುಣ್ಯಾತ್ಮ ಸುಹಾಸ ಶೇಂಗಾ ಬೆಳೆ ಐದಡಿ ಎತ್ತರ ಎಂದು ಬರೆದಿದ್ದ. ತಿದ್ದಿ ಮಾನ ಉಳಿಸಿದವಳು ನಾನು.

“ಚೆಕ್ ಮಾಡಿದ್ರಾ ಮ್ಯಾಡಮ್?” ಎಂದ.

“ಮಾಡಿದೆ ಸರ್. ಎಲ್ಲಾ ಬರೋಬರ್ ಇದೆ.”

ಬ್ಯಾಂಕಿನವರ ಎದುರಿಗೇ ಸಿಕ್ಕಿಬೀಳಲಿ. ಬಸ್ಸಿಳಿದು ವಡಾಪಾವ್ ತಿಂದೆ. ಎರಡು.

ನವೆಂಬರ್ 11, ಮಂಗಳವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ.

ಬ್ಯಾಂಕಿನಿಂದ ಬಂದವಳು ಸ್ನೇಹಲ್. ಮೂವತ್ತರ ಹುಡುಗಿ, ಸೋಲಾಪುರ ಕಡೆಯವಳು. ಸುಹಾಸನ ಎದುರು ಕೂತು ಫೋಟೊಗಳನ್ನು ಸರಸರನೆ ತಿರುವುತ್ತಿದ್ದಳು. ನಮ್ಮದೂ ದಾಟಿಹೋಯಿತು. ತಡೆಯಲಾಗಲಿಲ್ಲ. “ಮ್ಯಾಡಮ್, ಆ ಫೋಟೊದ ತಾರೀಖು ನೋಡಿದ್ರಾ?” ಎಂದೆ.

ನೋಡಿದಳು. “ಆಗಸ್ಟಿನಲ್ಲಿ ತೆನೆಯಾ? ನಮ್ಮ ಮನೆಯಲ್ಲೂ ಇದೇ ಜೋಳ ಬೆಳೀತಾರೆ ಸಾಹೇಬ್ರೇ.”

ಸುಹಾಸನ ಮುಖ ಇಂಗು ತಿಂದ ಮಂಗನದು. ಇಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಅವನು ಎದ್ದು ಕಪಾಟು ತೆಗೆದ. “ಫೋಟೊ ತಪ್ಪಿರಬಹುದು. ರೈತನೇ ಬರೆದುಕೊಟ್ಟಿದ್ದಾನೆ, ನೋಡಿ.”

‘ಹೊಲ ಮೊದಲಿನಂತೆ ಆಗಿದೆ. ನನ್ನ ತಕರಾರಿಲ್ಲ.’ ಚನ್ನವೀರನ ಸಹಿ. ಜೂನ್ ತಿಂಗಳಿನದು.

ಮೆಟ್ಟಿಲ ಬಳಿ ಹೋಗಿ ಫೋನ್ ಮಾಡಿದೆ. “ಸಹಿ ಮಾಡಿದೇನು? ಓದಲಿಲ್ಲೇನೋ?”

“ಸೈಟಿನವರು ತಂದಿದ್ರು. ಕೆಳಗ ನಿನ್ನ ಹೆಸರಿತ್ತಲ್ಲಾ ಅಕ್ಕಾ. ಅಕ್ಕ ಮಾಡಿದ ಕಾಗದ, ಓದೂದೇನದ ಅಂತ ಮಾಡಿದೆ... ಯಾಕ, ಏನಾತು?”

ಏನೂ ಇಲ್ಲ ಎಂದೆ.

ಮೇ ತಿಂಗಳಲ್ಲಿ ನಾನೇ ಟೈಪ್ ಮಾಡಿದ ಖಾಲಿ ಫಾರ್ಮ್. ನನ್ನದೇ ಮಾತು, ನನ್ನದೇ ಹೆಸರು. ಯಾರಿಗೆ, ಯಾತಕ್ಕೆ ಎಂದು ಕೇಳಲಿಲ್ಲ. ಸುಳ್ಳು. ಯಾತಕ್ಕೆಂದು ಗೊತ್ತಿತ್ತು. ಬೇರೆಯವರ ಹೊಲ ಅಂದುಕೊಂಡಿದ್ದೆ.

ನವೆಂಬರ್ 12, ಬೆಳಿಗ್ಗೆ 6

ಸ್ನೇಹಲ್ ಇವತ್ತು ಹನ್ನೊಂದು ಗಂಟೆಯೊಳಗೆ ಎಲ್ಲರ ಹೇಳಿಕೆ ಬರಹದಲ್ಲಿ ಕೇಳಿದ್ದಾಳೆ. ನಿನ್ನೆ ಆಫೀಸಿನಿಂದ ಹೊರಡುವಾಗ ಸುಹಾಸ ಲಿಫ್ಟಿನ ಹತ್ತಿರ ನಿಂತಿದ್ದ. “ಫಾರ್ಮ್ ನಿಮ್ಮದು. ಫೋಟೊ ಚೆಕ್ ಮಾಡಿದ್ದೂ ನೀವೇ. ಯೋಚನೆ ಮಾಡಿ ಬರೀರಿ ಮ್ಯಾಡಮ್.”

ಯೋಚನೆ ಮಾಡಿದೆ. ಕೆಲಸ ಹೋಗುತ್ತದೆ. ಹೋಗಲಿ. ಅವನನ್ನೂ ಎಳೆದುಕೊಂಡೇ ಹೋಗುತ್ತೇನೆ. ಆದರೆ ನನ್ನನ್ನು ಬಿಟ್ಟು ಅವನೊಬ್ಬನನ್ನೇ ಹಿಡಿದುಕೊಟ್ಟರೆ ಚನ್ನವೀರನಿಗೆ ಯಾವ ಮುಖ ತೋರಿಸಲಿ?

ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಟೈಪ್ ಮಾಡಿದರಾಯಿತು —

‘ಈ ಹೊಲದ ರೈತನಿಗೆ ಮೋಸವಾಗಿದೆ. ಮಾಡಿದವರ ಹೆಸರು: ಒಂದು, ಭುವನೇಶ್ವರಿ, ರೈತನ ಅಕ್ಕ. ಎರಡು, ಸುಹಾಸ, ಜಮೀನು ವಿಭಾಗದ ಮ್ಯಾನೇಜರ್.’