ಹಿಮದಲ್ಲಿ ಅಣ್ಣನ ಮುಖ

ಮಣಿಕೊಂಡ, ಹೈದರಾಬಾದ್

ಅತ್ತಿಗೆಗೆ ಗುರುದೇವಿಯ ನಮಸ್ಕಾರ.

ಹಿಮ ಕುಸಿದು ಅಣ್ಣ ಹೋದ ಮೇಲೆ ಮಿಲಿಟರಿಯವರು ಕಳಿಸಿದ ಅವನ ಕ್ಯಾಮೆರಾ ಕೆಟ್ಟಿಲ್ಲ. ಸುಲ್ತಾನ್ ಬಜಾರಿನಲ್ಲಿ ಹೊಸ ಬ್ಯಾಟರಿ ಹಾಕಿದೊಡನೆ ಫೋಟೋಗಳು ಕಂಡವು. ಆದರೆ ಎಲ್ಲದರಲ್ಲೂ ಅವನ ಮುಖ ಕಪ್ಪಾಗಿತ್ತು. ನನಗೆ ಅಳು ಬಂತು.

ಅಂಗಡಿಯ ಹಂಪಯ್ಯ ನಮ್ಮ ಕಡೆಯವರೇ. "ಅಂಜಬ್ಯಾಡ ತಂಗಿ, ಬರ್ಫಿನ ಹೊಳಪಿಗೆ ಮಾರಿ ಹಿಂಗ ಕರ್ರಗ ಬರತೈತಿ. ಆ ಥಂಡ್ಯಾಗ ಬ್ಯಾಟರಿನೂ ನಡಿಯಂಗಿಲ್ಲ. ಬಗಲಾಗ ಇಟ್ಟು ಕಾಯಿಸಿ ಹಾಕಿರಬೇಕು ನಿಮ್ಮಣ್ಣ," ಎಂದರು.

ಕಂಪ್ಯೂಟರಿನಲ್ಲಿ ಒಂದು ಫೋಟೋದ ಬೆಳಕು ಹೆಚ್ಚಿಸಿದರು. ಅಣ್ಣನ ಮುಖ ಬಂತು, ಹಿಂದಿನ ಬೆಟ್ಟ ಬೆಳ್ಳಗಾಗಿ ಅಳಿಸಿಹೋಯಿತು. ಗಡ್ಡ ಬಿಟ್ಟಿದ್ದಾನೆ, ಸೊರಗಿದ್ದಾನೆ, ನಗುತ್ತಿದ್ದಾನೆ.

ಎರಡೂ ಬಗೆಯ ಪ್ರಿಂಟ್ ಹಾಕಿಸಿ ಬೇರೆ ಲಕೋಟೆಯಲ್ಲಿ ಕಳಿಸಿದ್ದೇನೆ. ಅವನಿದ್ದ ಜಾಗ ಹೇಗಿತ್ತೆಂದು ಅವ್ವ ಕೇಳುತ್ತಲೇ ಇರುತ್ತಾಳಲ್ಲ, ಬೆಟ್ಟ ಕಾಣುವುದನ್ನು ಅವಳಿಗೆ ಕೊಡಿ. ಮುಖ ಕಪ್ಪಾದದ್ದು ಬೆಳಕಿನಿಂದ, ಥಂಡಿಯಿಂದಲ್ಲ ಎಂದು ಮೊದಲೇ ಹೇಳಿಬಿಡಿ.

ನನ್ನ ಜ್ವರ ಬಿಟ್ಟಿದೆ, ಕಂಪನಿಗೆ ಹೋಗುತ್ತಿದ್ದೇನೆ. ಈ ಅಂಚೆ ಕಾರ್ಡಿನಲ್ಲಿ ಬರೆಯಲು ಇನ್ನು ಜಾಗವಿಲ್ಲ. ಮುಖ ಕಾಣುವ ಫೋಟೋ ನಿಮ್ಮದು, ಅತ್ತಿಗೆ. ಬಾಗಿಲು ಹಾಕಿಕೊಂಡು ಒಬ್ಬರೇ ನೋಡಿ.

ಗುರುದೇವಿ