ಪೊಟ್ಟಣದ ಮೇಲೆ ಬರೆಸಿದ ಊರು

ಕೂಡ್ಲಿಗಿ, ಶುಕ್ರವಾರ

ಕಾಲೇಜಿನ ಒಣಗಿಸಿದ ಗಿಡಗಳ ಸಂಗ್ರಹ, ಆ ಹರ್ಬೇರಿಯಂ ನೋಡಿಕೊಳ್ಳುವ ವಿಶಾಲಾಕ್ಷಿ ಮೇಡಂ ಅವರಿಗೆ ನಾಟಕದ ಮಾಬುಸಾಬನ ಸಲಾಂ.

ತಾಯಿ, ಮೂವತ್ತು ವರ್ಷ ದುರ್ಯೋಧನನಾಗಿ ಗದೆ ಎತ್ತಿದ ಈ ಕೈ ಇಂದು ತಪ್ಪೊಪ್ಪಿಕೊಳ್ಳಲು ಪೆನ್ನು ಹಿಡಿದಿದೆ! ಹೋದ ವರ್ಷ ಬೂಷ್ಟು ಹಿಡಿದ ಸೈಪ್ರಸ್ ಮರದ ತೊಗಟೆಯನ್ನು ನಿಮಗೆ ತಂದುಕೊಟ್ಟು ಮದ್ದು ಕೇಳಿದ್ದೆ.

"ಮದ್ದಿಲ್ರಿ ಸಾಬ್ರ, ಮರ ಕಡೀಬೇಕು, ಇಲ್ಲಾಂದ್ರ ಸುತ್ತಲಿನ ಮರಕ್ಕೂ ಹಬ್ಬತೈತಿ. ಯಾವ ಊರಿಂದಿದು?" ಅಂದಿರಿ.

ನಾನು ಗೋಡೆ ಅದುರುವಂತೆ, "ಹಡಗಲಿ ಸಾಲಿ ಮುಂದಿಂದ್ರೀ!" ಅಂದೆ. ನೀವು ತೊಗಟೆ ಇಟ್ಟ ಪೊಟ್ಟಣದ ಮೇಲೆ ಹಾಗೆಯೇ ಬರೆದುಕೊಂಡಿರಿ.

ಅದು ಸುಳ್ಳು, ತಾಯಿ. ಈಗ ಆ ದಾಖಲೆ ನೋಡಿ ಅರಣ್ಯ ಇಲಾಖೆಯವರು ಶಾಲೆಯ ಐದೂ ಮರಗಳಿಗೆ ಕಡಿಯುವ ಗುರುತು ಹಾಕಿದ್ದಾರಂತೆ. ಅಯ್ಯೋ, ಅವು ನಿರಪರಾಧಿಗಳು! ರೋಗದ ಮರ ಇರುವುದು ಕೂಡ್ಲಿಗಿಯ ನಮ್ಮ ಖಬರಸ್ಥಾನದಲ್ಲಿ. ನನ್ನ ಹೆಂಡತಿ ಹೊನ್ನೂರಬಿಯನ್ನು ಮಣ್ಣು ಮಾಡಿದ ದಿನ ಆಕೆಯ ತಲೆಯ ಕಡೆ ನಾನೇ ನೆಟ್ಟದ್ದು.

ದಯವಿಟ್ಟು ಊರಿನ ಹೆಸರು ತಿದ್ದಿರಿ. ಕಡಿಯುವವರನ್ನು ಇಲ್ಲಿಗೆ ಕಳಿಸಿರಿ, ನಾನು ಅಡ್ಡ ಬರುವುದಿಲ್ಲ. ಬುಡವನ್ನು ಮಾತ್ರ ಒಂದು ಗೇಣು ಉಳಿಸಲು ಹೇಳಿರಿ. ಅಲ್ಲಿ ನಾನು ಕಲ್ಲು ನಿಲ್ಲಿಸಿಲ್ಲ. ಆಕೆ ಮಲಗಿದ ಜಾಗಕ್ಕೆ ಬೇರೆ ಗುರುತಿಲ್ಲ.

ನಿಮ್ಮೆದುರು ತಲೆ ತಗ್ಗಿಸಿದ,
ಮಾಬುಸಾಬ